ಎಂಟಡಿ-ನಾಲ್ಕಡಿ ಪ್ಲೈವುಡ್ ಶೀಟ್ ಎಷ್ಟು ಕೆಜಿ ಇರುತ್ತದೆ?

ಉಪ್ಪಳದ ಅಂಗಡಿಯಿಂದ 18 ಮಿ.ಮೀ.ಯ ಐದು ಶೀಟ್ ತಂದು ಉಪ್ಪರಿಗೆಗೆ ಏರಿಸಬೇಕು, ತೂಕ ಎಷ್ಟಾದೀತು ಎಂದು ಕೇಳಿದ್ದೀರಿ.

ಉದ್ದ, ಅಗಲ, ದಪ್ಪ ಮೂರನ್ನೂ ಮೀಟರಿನಲ್ಲಿ ಗುಣಿಸಿ, ಮರದ ಸಾಂದ್ರತೆಯಿಂದ ಮತ್ತೆ ಗುಣಿಸಿದರೆ ಆಯಿತು. 2.44 × 1.22 × 0.018 ಅಂದರೆ ಸುಮಾರು 0.0536 ಘನ ಮೀಟರ್. ಸಾಂದ್ರತೆ ಘನ ಮೀಟರಿಗೆ 600 ಕೆಜಿ ಎಂದು ಹಿಡಿದರೆ ಒಂದು ಶೀಟಿಗೆ 32 ಕೆಜಿ. ಐದಕ್ಕೆ 160 ಕೆಜಿ. ಗೂಡ್ಸ್ ಆಟೋಗೆ ಇದೇನೂ ದೊಡ್ಡದಲ್ಲ, ಕಷ್ಟ ಇರುವುದು ಮೆಟ್ಟಿಲ ತಿರುವಿನಲ್ಲಿ. ಒಂದೊಂದು ಶೀಟಿಗೂ ಇಬ್ಬರು ಬೇಕು.

ಇದೇ ಅಳತೆಗೆ ಬಾಯಿಲೆಕ್ಕವೂ ಉಂಟು: ಒಂದು ಮಿ.ಮೀ.ಗೆ 1.8 ಕೆಜಿ. 12 ಮಿ.ಮೀ. ಆದರೆ 21-22 ಕೆಜಿ.

ಆದರೆ ಎಲ್ಲ ಪ್ಲೈವುಡ್ಡೂ 600 ಅಲ್ಲ. ಪಾಪ್ಲರ್ ಮರದ್ದು ಹಗುರ, ಗರ್ಜನ್ ಮರದ್ದು ಜಾಸ್ತಿ ಭಾರ. ಸಾಂದ್ರತೆ 700 ಆದರೆ 18 ಮಿ.ಮೀ. ಶೀಟೇ 37 ಕೆಜಿ ದಾಟುತ್ತದೆ. ನಮ್ಮ ಮಳೆಗಾಲದಲ್ಲಿ ಜಗಲಿಯಲ್ಲಿಟ್ಟರೆ ತೇವ ಹೀರಿ ಇನ್ನೂ ಸ್ವಲ್ಪ ಏರುತ್ತದೆ.

ನಾನಂತೂ ಆಚಾರಿಯವರ ಹತ್ತಿರ ಅದೇ ಪ್ಲೈವುಡ್ಡಿನ ಒಂದಡಿ ಚೌಕದ ತುಂಡು ಕೇಳಿ, ಅಡುಗೆಮನೆಯ ತಕ್ಕಡಿಯಲ್ಲಿಟ್ಟು 32ರಿಂದ ಗುಣಿಸುತ್ತೇನೆ (ಎಂಟಡಿ-ನಾಲ್ಕಡಿ ಅಂದರೆ 32 ಚದರಡಿ). ಸುಮ್ನೆ ಊಹಿಸುವುದಕ್ಕಿಂತ ಅದು ವಾಸಿ ಅಲ್ವಾ?