ನರ್ತಕಿಯಲ್ಲಿ ‘ನರ’ ಹುಡುಕಬೇಡಿ

ಪ್ರಶ್ನೆ: ಮಗಳ ರಂಗಪ್ರವೇಶದ ಆಮಂತ್ರಣದಲ್ಲಿ ‘ನರ್ತಕಿ’ ಎಂದು ಹಾಕಿಸಿದ್ದೇವೆ. ನಾಯಕ–ನಾಯಿಕೆ ಇದ್ದಂತೆ ‘ನರ್ತಿಕೆ’ ಆಗಬೇಕು ಅಂತಾರೆ ಪರಿಚಯದ ಮೇಷ್ಟ್ರು. ನರಗಳನ್ನು ಕುಣಿಸುವವಳೇ ನರ್ತಕಿ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಯಾವುದು ಸರಿ? – ಓದುಗರು, ದಾವಣಗೆರೆ

ಉತ್ತರ: ವಾಟ್ಸ್‌ಆ್ಯಪ್ ಪಂಡಿತರಿಗೆ ಎಷ್ಟು ಸಲ ಹೇಳುವುದು! ಧಾತು ‘ನೃತ್’. ಅದರ ಋಕಾರಕ್ಕೆ ‘ಗುಣ’ ಎಂಬ ಸ್ವರಬದಲಾವಣೆ ಬಂದರೆ ‘ಅರ್’. ವೃತ್‌ನಿಂದ ವರ್ತನೆ, ಹೃಷ್‌ನಿಂದ ಹರ್ಷ ಹುಟ್ಟಿದ ಹಾಗೆ ನೃತ್‌ನಿಂದ ನರ್ತನ, ನರ್ತಕ. ನರಕ್ಕೆ ಇಲ್ಲಿ ಕೆಲಸವಿಲ್ಲ.

ಮೇಷ್ಟ್ರ ಸಂಶಯಕ್ಕೆ ಆಧಾರವಿದೆ, ಆದರೆ ಅರ್ಧ. ‘ಅಕ’ದಿಂದ ಮುಗಿಯುವ ಕರ್ತೃಪದಗಳು ಸಂಸ್ಕೃತದಲ್ಲಿ ಸಾಮಾನ್ಯವಾಗಿ ‘ಇಕಾ’ ಆಗುತ್ತವೆ: ನಾಯಿಕಾ, ಲೇಖಿಕಾ. (ನಮ್ಮ ‘ಲೇಖಕಿ’ ಕನ್ನಡದ ರೂಢಿ, ಇರಲಿ ಬಿಡಿ.) ನರ್ತಕದ ‘ಅಕ’ ಮಾತ್ರ ಬೇರೆ. ಪಾಣಿನಿಯ 3.1.145ನೆಯ ಸೂತ್ರ ‘ಶಿಲ್ಪಿನಿ ಷ್ವುನ್’: ಶಿಲ್ಪಿಯನ್ನು ಹೇಳುವಾಗ ಧಾತುವಿಗೆ ‘ಷ್ವುನ್’ ಪ್ರತ್ಯಯ, ಅದೇ ‘ಅಕ’ ಆಗುವುದು. ಶಿಲ್ಪಿ ಅಂದರೆ ಇಲ್ಲಿ ಕಲ್ಲು ಕೆತ್ತುವವನಲ್ಲ, ಕಸುಬಿನಲ್ಲಿ ನುರಿತವ. ಸೂತ್ರಕ್ಕೆ ಪೂರಕವಾದ ಟಿಪ್ಪಣಿ, ಅಂದರೆ ವಾರ್ತಿಕ, ಇದನ್ನು ನೃತ್, ಖನ್, ರಂಜ್ ಎಂಬ ಮೂರೇ ಧಾತುಗಳಿಗೆ ಕಟ್ಟಿಹಾಕುತ್ತದೆ: ನರ್ತಕ, ಖನಕ, ರಜಕ. ಪ್ರತ್ಯಯದಲ್ಲಿರುವ ‘ಷ್’ ಬರೀ ಗುರುತು. ಆ ಗುರುತಿದ್ದರೆ ಸ್ತ್ರೀಲಿಂಗದಲ್ಲಿ ‘ಈ’ ಬರಬೇಕು. ಆದ್ದರಿಂದ ನರ್ತಕೀ, ಕನ್ನಡದಲ್ಲಿ ನರ್ತಕಿ. ಮದುವೆ ಮೆರವಣಿಗೆಯಲ್ಲಿ ಎರಡು ಹೆಜ್ಜೆ ಹಾಕಿದವರೆಲ್ಲ ನರ್ತಕರಾಗುವುದಿಲ್ಲ ಎಂಬುದೂ ಆ ಪ್ರತ್ಯಯದಲ್ಲೇ ಅಡಗಿದೆ. ಆಮಂತ್ರಣ ತಿದ್ದಿಸಬೇಡಿ. ಪ್ರೆಸ್ಸಿನವರು ‘ನ್ರತ್ಯ’ ಎಂದು ಕೂರಿಸಿದ್ದಾರೆಯೇ ಅದನ್ನು ನೋಡಿ. ನಕಾರಕ್ಕೆ ಬೇಕಾದದ್ದು ವಟ್ರಸುಳಿ, ರ ಒತ್ತಲ್ಲ.

ಪ್ರಶ್ನೆ: ‘ತಾಂಡವ’ವೇ ‘ಡ್ಯಾನ್ಸ್’ ಆಯಿತಂತೆ?

ಉತ್ತರ: ಇಲ್ಲ. ಡ್ಯಾನ್ಸ್ ಹಳೆಯ ಫ್ರೆಂಚಿನಿಂದ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದ ಪದ.

ಪ್ರಶ್ನೆ: ಹಿಂದಿಯ ‘ನಾಚ್’ಗೂ ನಮ್ಮ ನಾಚಿಕೆಗೂ ನಂಟಿದೆಯೇ?

ಉತ್ತರ: ನಾಚಿಕೆಯಾಗಬೇಕು, ಈ ಪ್ರಶ್ನೆ ಮತ್ತೆ ಮತ್ತೆ ಕಳಿಸುವವರಿಗೆ. ನೃತ್ಯ ಪ್ರಾಕೃತದಲ್ಲಿ ‘ಣಚ್ಚ’ವಾಗಿ, ಹಿಂದಿಯಲ್ಲಿ ನಾಚ್ ಆಯಿತು.

ಪ್ರಶ್ನೆ: ನಟರಾಜ ನಟನೋ ನರ್ತಕನೋ?

ಉತ್ತರ: ನರ್ತಕ. ‘ನಟ್’ ಕೂಡ ನೃತ್‌ನ ಪ್ರಾಕೃತ ರೂಪವೇ; ಸಿನಿಮಾ ನಟ ಆಮೇಲಿನವನು.

ಪ್ರಶ್ನೆ: ಡೊಳ್ಳಿನ ತಂಡದವರನ್ನು ‘ನೃತ್ಯ ಕಲಾವಿದರು’ ಎಂದರೆ ಗೌರವ ಹೆಚ್ಚಲ್ಲವೇ? – ಓದುಗರು, ಚಳ್ಳಕೆರೆ

ಉತ್ತರ: ಅವರ ಕಲೆಯ ಹೆಸರೇ ಡೊಳ್ಳು ಕುಣಿತ, ‘ಕುಣಿ’ ಕನ್ನಡದ್ದೇ ಧಾತು. ನಿಮ್ಮ ಕಡೆ ಬಯಲಾಟ ‘ಆಡ್ತಾರೆ’ ಅನ್ನುತ್ತೀರಲ್ಲ, ಆ ‘ಆಡು’ವಿಗೂ ಕುಣಿಯುವ ಅರ್ಥವುಂಟು, ತಮಿಳಿನಲ್ಲಿ ಇವತ್ತಿಗೂ ಹಾಗೇ ಬಳಸುತ್ತಾರೆ. ‘ಡೊಳ್ಳು ಕುಣಿತದವರು’ ಎಂದೇ ಬ್ಯಾನರ್ ಬರೆಸಿ.