ರಾತ್ರಿ ಹನ್ನೊಂದರ ಖರೀದಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಗಂಡ, ಹೆಂಡತಿ ಇಬ್ಬರೂ ಒಪ್ಪಿದ್ದಾರೆ.)

ಮನೆ ಖರ್ಚಿನ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದ ದಂಪತಿ ಇವರು. ಗಂಡನಿಗೆ 34 ವರ್ಷ, ಹೆಂಡತಿಗೆ 29. ಊರು ಕೊಪ್ಪಳ. ಆತನಿಗೆ ಗಿಣಿಗೇರಿ ಕಡೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಕೈಗೆ ಬರುವ ಸಂಬಳ 32,000 ರೂಪಾಯಿ. ಆಕೆ ಮನೆಯಲ್ಲೇ ಬ್ಲೌಸ್ ಹೊಲಿದು ಆರೇಳು ಸಾವಿರ ದುಡಿಯುತ್ತಾರೆ. ಒಬ್ಬಳೇ ಮಗಳು. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಆದರೂ ಇಪ್ಪತ್ತನೇ ತಾರೀಖಿಗೆ ಕೈಗಡ ಕೇಳಲು ಅಣ್ಣನ ಮನೆಗೆ ಹೋಗಬೇಕು.

“ರೊಕ್ಕ ಎಲ್ಲಿ ಹೊಕ್ಕೈತೋ ತಿಳೀವಲ್ದು ನೋಡ್ರಿ ಮೇಡಂ” ಅಂದರು ಆತ.

“ನನಗ ಗೊತ್ತೈತ್ರೀ. ಎಲ್ಲಾ ಅಟ್ಟದ ಮ್ಯಾಲೆ ಐತಿ” ಅಂದರು ಆಕೆ.

ಅಟ್ಟದ ಮೇಲೆ ಏನೇನಿದೆ ಅಂತ ಕೇಳಿದೆ. ಹೊಟ್ಟೆ ಕರಗಿಸುವ ಬೆಲ್ಟು. ಕಾರು ತೊಳೆಯುವ ಪ್ರೆಷರ್ ಪಂಪು, ಮನೆಯಲ್ಲಿರುವುದು ಬೈಕು. ಮೂವರು ಮಲಗುವ ಟೆಂಟು. ಆಮೇಲೆ ಏರ್ ಫ್ರೈಯರ್. ಎಣ್ಣೆ ಇಲ್ಲದೆ ಮಿರ್ಚಿ ಮಾಡಬಹುದು ಅಂತ ರೀಲ್ ನೋಡಿ ತರಿಸಿದ್ದಂತೆ. ಹಸಿ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಅದರೊಳಗೆ ಹೋದರೆ ಆಗುವುದೇ ಆಯಿತು. ಹಿಟ್ಟೆಲ್ಲ ಜಾಲರಿಯಿಂದ ಕೆಳಗೆ ಸೋರಿತು, ಮೆಣಸಿನಕಾಯಿ ಮಾತ್ರ ಒಣಗಿ ಉಳಿಯಿತು. ಗವಿಮಠದ ಜಾತ್ರೆಯ ದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿಯುವ ಊರಿನಲ್ಲಿ ಹೀಗಾಯಿತು ಅಂತ ಆಕೆ ಹೇಳುವಾಗ ಆತನೂ ನಕ್ಕರು, ನಾನೂ ನಕ್ಕೆ.

ಆ ನಗು ಒಳ್ಳೆಯದೇ ಆಯಿತು. ದುಡ್ಡಿನ ವಿಷಯಕ್ಕೆ ಬರುವವರು ಸಾಮಾನ್ಯವಾಗಿ ತಲೆ ತಗ್ಗಿಸಿ ಕೂರುತ್ತಾರೆ. ನಾಚಿಕೆಯಾದರೆ ಅರ್ಧ ಲೆಕ್ಕ ಮುಚ್ಚಿಡುತ್ತಾರೆ. ಇವರು ಮುಚ್ಚಿಡಲಿಲ್ಲ.

ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ ಇಬ್ಬರೂ ಒಟ್ಟಿಗೆ ಕೂತು ನೋಡಿ ಅಂದೆ. ಯಾವುದಕ್ಕೆ ಖರ್ಚಾಯಿತು ಅಂತ ನೆನಪಿಗೇ ಬರದ ಸಾಲುಗಳಿಗೆ ಕೆಂಪು ಗೆರೆ ಹಾಕಬೇಕು. ಏರ್ ಫ್ರೈಯರ್ ಎಲ್ಲರಿಗೂ ನೆನಪಿತ್ತು. ಕೆಂಪು ಗೆರೆ ಬಿದ್ದದ್ದು 149, 199, 299ರ ಸಾಲುಗಳಿಗೆ. ಡೆಲಿವರಿ ಫ್ರೀ ಆಗಲಿ ಅಂತ ಸುಮ್ನೆ ಸೇರಿಸಿದ ಸಾಕ್ಸು, ನೋಡದೇ ಬಿಟ್ಟ ಆ್ಯಪ್‌ನ ತಿಂಗಳ ಚಂದಾ, ಇಂಥವು. ಬೇಡದ್ದೆಲ್ಲ ಕೂಡಿಸಿದರೆ ತಿಂಗಳಿಗೆ ಒಂಬತ್ತು ಸಾವಿರದ ಆಸುಪಾಸು ಬಂತು. ಆಕೆಯ ಪಾಲೂ ಇತ್ತು. ಮನೆ ಬಾಗಿಲಿಗೆ ಬರುವ ಸೀರೆಯವರ ಹತ್ತಿರ ಎರಡು ಸೀರೆ ಕಂತಿನಲ್ಲಿ ತಗೊಂಡಿದ್ದರು. ಅದನ್ನು ಆಕೆಯೇ ಹೇಳಿದ ಮೇಲೆ ಜಗಳದ ಸದ್ದು ತಗ್ಗಿತು.

ನಿಜವಾದ ಗಾಯ ಕ್ರೆಡಿಟ್ ಕಾರ್ಡಿನಲ್ಲಿತ್ತು. ಬಾಕಿ 48,000. ಆತ ಪ್ರತಿ ತಿಂಗಳು ತಪ್ಪದೆ ‘ಮಿನಿಮಮ್ ಡ್ಯೂ’ ಕಟ್ಟುತ್ತಿದ್ದರು, ಅಂದರೆ ಬಾಕಿಯ ಶೇ. 5, 2,400 ರೂಪಾಯಿ. ಕಟ್ಟಿದ ಮೇಲೆ ಸಾಲ ಕರಗುತ್ತಿದೆ ಅಂತ ನಂಬಿದ್ದರು. ಅವರ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5. ವರ್ಷಕ್ಕೆ 42! ಅವರ ಮುಂದೆಯೇ ಕಾಗದದಲ್ಲಿ ಬರೆದೆ: ಬಡ್ಡಿ 1,680, ಅದರ ಮೇಲೆ ಶೇ. 18 ಜಿಎಸ್‌ಟಿ ಸುಮಾರು 302. ಸಾಲಕ್ಕೆ ಹೋದದ್ದು 418 ರೂಪಾಯಿ ಮಾತ್ರ. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಆತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊಬೈಲು ತಗೊಂಡ ‘ಬಡ್ಡಿ ಇಲ್ಲದ’ ಕಂತಿನ ಬಗ್ಗೆ ಕೇಳಿದರು. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಪ್ರೊಸೆಸಿಂಗ್ ಫೀ ಆಗಿಯೋ, ಕೈತಪ್ಪಿದ ರಿಯಾಯಿತಿಯಾಗಿಯೋ ಬಡ್ಡಿ ಎಲ್ಲೋ ಒಂದು ಕಡೆ ಕೂತಿರುತ್ತದೆ.

ಖರೀದಿಯ ಸಮಯ ನೋಡಿ ಅಂದೆ. ಹೆಚ್ಚಿನವು ರಾತ್ರಿ ಹನ್ನೊಂದರ ನಂತರದ್ದು. ಎರಡನೇ ಪಾಳಿ ಮುಗಿಸಿ ಬಂದು, ಊಟ ಮಾಡಿ, ನಿದ್ದೆ ಬರುವ ತನಕ ಪಡಸಾಲೆಯಲ್ಲಿ ಒಬ್ಬರೇ ಮೊಬೈಲ್ ಹಿಡಿದು ಕೂರುತ್ತಿದ್ದರು. ಆಗ ಆಕೆ ಎಲ್ಲಿರುತ್ತಾರೆ? ಒಳಗಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಮುಂದೆ, ಆರ್ಡರ್ ಮುಗಿಸುತ್ತಾ. ಇಬ್ಬರೂ ಎಚ್ಚರ, ನಡುವೆ ಒಂದು ಗೋಡೆ. ಪಾರ್ಸೆಲ್ ಬರುತ್ತದೆ ಅನ್ನುವ ಖುಷಿ ಬಿಟ್ಟರೆ ಆ ಹೊತ್ತಿನಲ್ಲಿ ಆತನಿಗೆ ಬೇರೆ ಏನೂ ಇರಲಿಲ್ಲ. ಇದನ್ನು ಬಿಟ್ಟು ಬರೀ ಖರ್ಚಿಗೆ ಬೇಲಿ ಹಾಕಿದರೆ ಪ್ರಯೋಜನ ಕಡಿಮೆ ಅಂತ ನನಗೆ ಅನಿಸಿತು.

ಹಾಗಾಗಿ ಮೊದಲ ಸಲಹೆ ಊಟದ್ದು. ಪಾಳಿ ಮುಗಿಸಿ ಬಂದಾಗ ಮೊಬೈಲು ಅಡುಗೆಮನೆಯಲ್ಲಿ ಚಾರ್ಜಿಗೆ. ಆತ ಊಟ ಮುಗಿಸುವವರೆಗೆ ಆಕೆ ಯಂತ್ರ ನಿಲ್ಲಿಸಿ ಎದುರಿಗೆ ಕೂರಬೇಕು. ಮಾತು ಏನಾದರೂ ಇರಲಿ, ದುಡ್ಡಿನ ವಿಷಯ ಬೇಡ.

ಎರಡನೆಯದು, ಆಸೆಗೂ ಪಾವತಿಗೂ ನಡುವೆ ಅಂತರ ತರುವುದು. ಸಂತೆಗೆ ಹೋದರೆ ಒಂದು ಸುತ್ತು ಹಾಕಿ, ರೇಟು ಕೇಳಿ, ಚೌಕಾಸಿ ಮಾಡಿ ತಾನೇ ಕೊಳ್ಳುತ್ತೇವೆ? ಆ ಸುತ್ತಿನಲ್ಲೇ ಅರ್ಧ ಆಸೆ ಇಳಿಯುತ್ತದೆ. ಮೊಬೈಲಿನಲ್ಲಿ ಆ ಸುತ್ತೇ ಇಲ್ಲ. ಯುಪಿಐ ಲೈಟ್‌ನಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಕೂಡ ಬೇಡ. ಆ್ಯಪ್‌ಗಳಲ್ಲಿ ಉಳಿಸಿದ ಕಾರ್ಡ್ ಅಳಿಸಿ, ಆಫರ್ ನೋಟಿಫಿಕೇಶನ್ ಬಂದ್ ಮಾಡಿ ಅಂದೆ. ಸಂಬಳದ ಖಾತೆ ಯುಪಿಐಗೆ ಜೋಡಿಸಬೇಡಿ, ಇನ್ನೊಂದು ಖಾತೆಯಲ್ಲಿ ತಿಂಗಳಿಗೆ 2,000 ಇಟ್ಟು ಅದನ್ನು ಜೋಡಿಸಿ. ಆ ಎರಡು ಸಾವಿರ ಆತನ ಇಷ್ಟ, ಯಾರೂ ಲೆಕ್ಕ ಕೇಳಬಾರದು. ಪೂರ್ತಿ ಕಟ್ಟಿಹಾಕಿದರೆ ಎರಡೇ ತಿಂಗಳಲ್ಲಿ ಕಟ್ಟು ಕಿತ್ತುಹೋಗುತ್ತದೆ, ಅಲ್ವಾ?

ಕಷ್ಟದ ಮಾತು ಕೊನೆಗೆ ಬಂತು. ಆಕೆ ಮಗಳಿಗಾಗಿ ಬ್ಯಾಂಕಿನಲ್ಲಿ ಆರ್‌ಡಿ (ತಿಂಗಳ ಕಂತಿನ ಠೇವಣಿ) ಕಟ್ಟುತ್ತಿದ್ದರು, 40,000 ಆಗಿತ್ತು. ಬಡ್ಡಿ ಶೇ. 7ರ ಆಸುಪಾಸು. ಒಂದು ಕೈಯಲ್ಲಿ ಏಳು ಗಳಿಸಿ ಇನ್ನೊಂದು ಕೈಯಲ್ಲಿ ನಲವತ್ತೆರಡು ಕೊಡುವುದು ನಷ್ಟ, ಲೆಕ್ಕದ ಪ್ರಕಾರ ಆರ್‌ಡಿ ಮುರಿದು ಕಾರ್ಡ್ ತೀರಿಸುವುದೇ ಸರಿ.

“ನಾ ಹೊಲಿದ ರೊಕ್ಕ ಇವರ ಕಾರ್ಡಿಗೆ ಯಾಕ ಹಾಕಬೇಕ್ರೀ?” ಅಂದರು ಆಕೆ.

ನ್ಯಾಯವಾದ ಪ್ರಶ್ನೆ. ಲೆಕ್ಕ ನಾನು ಹೇಳುತ್ತೇನೆ, ದುಡ್ಡು ನಿಮ್ಮದು, ತೀರ್ಮಾನವೂ ನಿಮ್ಮದೇ ಅಂದೆ. ಒತ್ತಾಯ ಮಾಡಬಾರದು ಅಂತ ಆತನಿಗೂ ಹೇಳಿದೆ. ವಾರ ಬಿಟ್ಟು ಆಕೆ ಒಂದು ದಾರಿ ತಂದರು. 30,000 ಕೊಡುವುದು, ಸಾಲವಾಗಿ. ತಿಂಗಳಿಗೆ 3,000ದಂತೆ ಹತ್ತು ತಿಂಗಳು ವಾಪಸ್. ಅಳತೆ ಬರೆಯುವ ಪುಸ್ತಕದಲ್ಲೇ ಬರೆದು ಗಂಡನ ಸಹಿ ಹಾಕಿಸಿಕೊಂಡಿದ್ದರು. ಉಳಿದ ಹತ್ತು ಸಾವಿರ ಮಗಳ ಹೆಸರಿನಲ್ಲೇ ಉಳಿಯಿತು. ಕಾರ್ಡಿನ ಮಿಕ್ಕ ಬಾಕಿಯನ್ನು ಆತ ತಿಂಗಳಿಗೆ 6,000ದಂತೆ ತೀರಿಸುತ್ತಿದ್ದಾರೆ. ನನ್ನ ಸಲಹೆಗಿಂತ ಆಕೆಯ ಒಪ್ಪಂದ ಎಷ್ಟೋ ಚೆನ್ನಾಗಿದೆ.

ಮಧ್ಯದಲ್ಲಿ ಒಮ್ಮೆ ಜಾರಿದ್ದೂ ಉಂಟು. ಬ್ಲೂಟೂತ್ ಸ್ಪೀಕರ್. ಅದು ಎರಡು ಸಾವಿರದೊಳಗೇ ಬಂತು, ಹಾಗಾಗಿ ಆಕೆ ಕೇಳಲಿಲ್ಲ. ಮಗಳ ಸೈಕಲ್ಲನ್ನು ಮಾತ್ರ ಮೂವರೂ ಜವಾಹರ ರಸ್ತೆ ಕಡೆ ಹೋಗಿ, ನಾಲ್ಕು ಅಂಗಡಿ ತಿರುಗಿ, ಚೌಕಾಸಿ ಮಾಡಿ ತಂದರು. ಇನ್ನು ದೀಪಾವಳಿಯ ಸೇಲ್, ಬೋನಸ್ ಎರಡೂ ಒಟ್ಟಿಗೆ ಬರುತ್ತವೆ. ಬೇಕಾದವುಗಳ ಪಟ್ಟಿಯನ್ನು ಸೇಲ್ ಶುರುವಾಗುವ ಮುಂಚೆಯೇ ಬರೆದುಕೊಂಡು ಬನ್ನಿ ಅಂತ ಹೇಳಿದ್ದೇನೆ.