ಮೇಕೆಮರಿಯ ಕೊಂಬು ಸುಡಿಸೋದು ಯಾವಾಗ?

ಪ್ರಶ್ನೆ: ನಮ್ಮ ಮೇಕೆ ಅವಳಿ ಹಾಕಿದೆ, ಒಂದು ಹೋತಮರಿ, ಒಂದು ಹೆಣ್ಣು. ಇವತ್ತಿಗೆ ಐದು ದಿನ. ಹೋತಮರಿಯ ನೆತ್ತಿ ಮೇಲೆ ಎರಡು ಗಂಟು ಕೈಗೆ ಸಿಗುತ್ತವೆ. ಹೆಣ್ಣುಮರಿಗೆ ಏನೂ ಗೊತ್ತಾಗುತ್ತಿಲ್ಲ, ಮೈಯೂ ಸಣ್ಣದು. ಒಬ್ಬರು ವಾರದೊಳಗೆ ಕೊಂಬು ಸುಡಿಸಿ ಅಂತಾರೆ, ಇನ್ನೊಬ್ಬರು ತಿಂಗಳು ತುಂಬಲಿ ಅಂತಾರೆ. ಎರಡಕ್ಕೂ ಒಂದೇ ದಿನ ಮಾಡಿಸಬಹುದಾ?

ಉತ್ತರ: ಕೊಂಬು ಬೆಳೆಯದ ಹಾಗೆ ಅದರ ಮೊಗ್ಗನ್ನು ಕಾದ ಕಬ್ಬಿಣದಿಂದ ಸುಡುವ ಕೆಲಸ ಇದು. ಎರಡಕ್ಕೂ ಒಂದೇ ದಿನ ಬೇಡ. ಹೋತಮರಿ ಗಟ್ಟಿಯಾಗಿದ್ದರೆ ಇನ್ನೆರಡು ದಿನದೊಳಗೆ ಪಶುವೈದ್ಯರಿಂದ ಮಾಡಿಸಿಬಿಡಿ. ಹೆಣ್ಣುಮರಿಗೆ ಸ್ವಲ್ಪ ಕಾಯಿರಿ. ಆದರೆ ತಿಂಗಳು ಅನ್ನೋ ಮಾತು ಮಾತ್ರ ಬಿಟ್ಟುಬಿಡಿ, ಅಷ್ಟು ಹೊತ್ತಿಗೆ ಎಷ್ಟೋ ಮರಿಗಳಲ್ಲಿ ಕೆಲಸ ಕೈಮೀರಿರುತ್ತದೆ.

ಹೋತಮರಿಯ ಕೊಂಬಿನ ಮೊಗ್ಗು, ಅಂದರೆ ನಿಮ್ಮ ಕೈಗೆ ಸಿಕ್ಕ ಆ ಗಂಟು, ಹುಟ್ಟುವಾಗಲೇ ದಪ್ಪ, ಬೆಳೆಯೋದೂ ಬೇಗ. ಅದಕ್ಕೆ 3ರಿಂದ 7 ದಿನದೊಳಗೆ ಸರಿಹೋಗುತ್ತದೆ. ಹೆಣ್ಣುಮರಿಗೆ 5ರಿಂದ 10 ದಿನ, ಗಿಡ್ಡ ತಳಿಯಾದರೆ ಇನ್ನೂ ನಾಲ್ಕು ದಿನ ತಡವಾದರೂ ನಡೆಯುತ್ತದೆ. ಆದರೂ ನಾನು ದಿನದ ಲೆಕ್ಕಕ್ಕಿಂತ ಬೆರಳನ್ನೇ ಹೆಚ್ಚು ನಂಬುತ್ತೇನೆ. ದಿನಾ ಬೆಳಗ್ಗೆ ಹಾಲು ಕುಡಿಯುವಾಗ ಮರಿಯ ನೆತ್ತಿ ಸವರಿ ನೋಡಿ. ಮೊಗ್ಗು ಸ್ಪಷ್ಟವಾಗಿ ಕೈಗೆ ಸಿಗಬೇಕು, ಸುಡುವ ಕಬ್ಬಿಣದ ಉಂಗುರದೊಳಗೆ ಪೂರ್ತಿ ಕೂರಬೇಕು. ಕೈಗೇ ಸಿಗದ ಮೊಗ್ಗನ್ನು ಸುಡಲು ಹೋದರೆ ಗುರಿ ತಪ್ಪುತ್ತದೆ. ಉಂಗುರಕ್ಕಿಂತ ದಪ್ಪವಾಗಿದ್ದರೆ ಅಂಚು ಉಳಿದುಕೊಂಡು, ಮುಂದೆ ಸೊಟ್ಟಗೆ ಒಂದು ತುಂಡು ಕೊಂಬು ಬೆಳೆಯುತ್ತದೆ.

ಕೊಂಬನ್ನು ಬೆಳೆಸೋದು ಮೊಗ್ಗಿನ ಸುತ್ತ ಇರುವ ಚರ್ಮದ ಬಳೆ. ಮೊದಲ ದಿನಗಳಲ್ಲಿ ಮೊಗ್ಗು ಆ ಚರ್ಮದಲ್ಲೇ ಇರುತ್ತದೆ. ಆಮೇಲೆ ಕೆಳಗಿನ ಎಲುಬಿಗೆ ಬೆಸೆದುಕೊಳ್ಳುತ್ತದೆ, ಬುಡ ಅಗಲವಾಗುತ್ತದೆ. ಆಗ ಹೆಚ್ಚು ಹೊತ್ತು, ಹೆಚ್ಚು ಅಗಲ ಸುಡಬೇಕಾಗುತ್ತದೆ. ಮೇಕೆಮರಿಗೆ ಅದೇ ಅಪಾಯ. ಅದರ ತಲೆಬುರುಡೆ ತುಂಬಾ ತೆಳು, ಕಾವು ಸೀದಾ ಮಿದುಳಿಗೆ ಇಳಿಯಬಹುದು. ಕೆಲಸ ಕಲಿಯುವ ದಿನಗಳಲ್ಲಿ ಒಂದು ಮರಿಯನ್ನು ನೋಡಿದ್ದೆ. ಕರುಗಳಿಗೆ ಸುಟ್ಟು ಅಭ್ಯಾಸವಿದ್ದ ಕೈ, ಕರುವಿಗೆ ಹಿಡಿದಷ್ಟೇ ಹೊತ್ತು ಮರಿಗೂ ಕಬ್ಬಿಣ ಹಿಡಿದಿತ್ತು. ಮರುದಿನ ಅದು ಹಾಲು ಬಿಟ್ಟಿತು, ತಲೆಯನ್ನು ಒಂದೇ ಕಡೆ ವಾಲಿಸಿಕೊಂಡು ನಿಂತಿತ್ತು. ಉಳಿಯಲಿಲ್ಲ. ಹಾಗಾಗಿ ಪಶುವೈದ್ಯರನ್ನು ಮೊದಲೇ ಕೇಳಿ: ನೀವು ಮೇಕೆಮರಿಗೆ ಮಾಡಿದ್ದೀರಾ? ಚೆನ್ನಾಗಿ ಕಾದ ಕಬ್ಬಿಣವನ್ನು ಒಂದು ಸಲಕ್ಕೆ ಮೂರ್ನಾಲ್ಕು ಸೆಕೆಂಡ್ ಇಟ್ಟು ತೆಗೆಯಬೇಕು. ಮತ್ತೆ ಬೇಕಾದರೆ ತಲೆ ತಣ್ಣಗಾಗಲು ಬಿಟ್ಟು ಇಡಬೇಕು. ಸರಿಯಾಗಿ ಕಾಯದ ಕಬ್ಬಿಣ ಇನ್ನೂ ಕೆಟ್ಟದ್ದು, ಯಾಕೆಂದರೆ ಜಾಸ್ತಿ ಹೊತ್ತು ಒತ್ತಿ ಹಿಡಿಯುತ್ತಾರೆ.

ನೋವಿನ ವಿಷಯದಲ್ಲಿ ರಾಜಿ ಬೇಡ. ‘ಒಂದು ಗಳಿಗೆ ಕಿರುಚುತ್ತದೆ, ಅಷ್ಟೇ’ ಅನ್ನೋದನ್ನು ನಾನು ಒಪ್ಪುವುದಿಲ್ಲ. ಸುಡುವ ಮೊದಲು ಜಾಗ ಮರಗಟ್ಟಿಸಬೇಕು, ಆಮೇಲಿನ ನೋವಿಗೆ ಮೆಲೊಕ್ಸಿಕ್ಯಾಮ್‌ನಂಥ ಔಷಧಿ ಬೇಕು. ಮೇಕೆಯಲ್ಲಿ ಒಂದೊಂದು ಕೊಂಬಿಗೂ ಎರಡೆರಡು ನರ, ಅಂದರೆ ನಾಲ್ಕು ಕಡೆ ಚುಚ್ಚಬೇಕು. ಇಷ್ಟು ಪುಟ್ಟ ಮೈಗೆ ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಸ್ವಲ್ಪ ಜಾಸ್ತಿಯಾದರೂ ವಿಷ. ಕೆಜಿಗೆ 5 ಮಿಲಿಗ್ರಾಂ ಅಂತ ಹಿಡಿದರೆ, 3 ಕೆಜಿ ಮರಿಗೆ 2 ಪರ್ಸೆಂಟ್ ಔಷಧಿ ಮುಕ್ಕಾಲು ಎಂಎಲ್ ಮಾತ್ರ. ಅದನ್ನೇ ತೆಳು ಮಾಡಿ ನಾಲ್ಕು ಕಡೆ ಹಂಚಬೇಕು. ತೂಕ ನೋಡದೆ ಚುಚ್ಚಲು ಬಿಡಬೇಡಿ. ಮನೆಯಲ್ಲೇ ಮಾಡಿಕೊಳ್ಳುವ ಕೆಲಸವೂ ಅಲ್ಲ ಇದು.

ಇನ್ನು ನಿಮ್ಮ ಹೆಣ್ಣುಮರಿ. ಅದಕ್ಕೆ ಕೊಂಬು ಬರುತ್ತದೆಯೋ ಇಲ್ಲವೋ ಅಂತ ಮೊದಲು ನೋಡಿ. ನೆತ್ತಿಯ ಕೂದಲು ಒದ್ದೆ ಮಾಡಿ ಗಮನಿಸಿ. ಎರಡು ಕಡೆ ಎರಡು ಸುಳಿ ಇದ್ದರೆ ಕೊಂಬು ಬರುತ್ತದೆ. ನಡುವೆ ಒಂದೇ ಸುಳಿ ಇದ್ದು, ಚರ್ಮ ಬೆರಳಿನ ಕೆಳಗೆ ಸಲೀಸಾಗಿ ಜಾರಿದರೆ ಅದು ಹುಟ್ಟುಬೋಳು ಇರಬಹುದು. ಆಗ ಸುಡಿಸುವ ಮಾತೇ ಇಲ್ಲ. (ಬೋಳು ಅಂತಾದರೆ ಮುಂದೆ ಬೋಳು ಹೋತದ ಜೊತೆ ಕೂಡಿಸಬೇಡಿ. ಎರಡೂ ಕಡೆಯಿಂದ ಆ ಗುಣ ಬಂದ ಹೆಣ್ಣುಮರಿಗಳು ಹೆಣ್ಣೂ ಅಲ್ಲದ ಗಂಡೂ ಅಲ್ಲದ ಹಾಗೆ, ಬಂಜೆಯಾಗಿ ಹುಟ್ಟುತ್ತವೆ.) ಮೊಗ್ಗು ಇದ್ದರೂ ಅದು ಚೆನ್ನಾಗಿ ಮೊಲೆ ಕುಡಿಯಬೇಕು, ತೂಕ ಏರುತ್ತಿರಬೇಕು, ಭೇದಿ ಇರಬಾರದು. ಅಲ್ಲಿಯವರೆಗೆ ಕೈ ಹಚ್ಚಬೇಡಿ.

ಸುಟ್ಟ ಗಾಯದಿಂದ ಬರಬಹುದಾದ ಧನುರ್ವಾಯು ಮರೆಯಬೇಡಿ. ತಾಯಿಗೆ ಗಬ್ಬದ ಕೊನೆಯ ತಿಂಗಳಲ್ಲಿ ಲಸಿಕೆ ಆಗಿದ್ದು, ಮರಿಗಳು ಗಿಣ್ಣುಹಾಲು ಹೊಟ್ಟೆ ತುಂಬಾ ಕುಡಿದಿದ್ದರೆ ಸಾಮಾನ್ಯವಾಗಿ ರಕ್ಷಣೆ ಇರುತ್ತದೆ. ಇಲ್ಲವಾದರೆ ಅದೇ ದಿನ ಆಂಟಿಟಾಕ್ಸಿನ್ (ಧನುರ್ವಾಯುವಿನ ವಿಷವನ್ನು ತಡೆಯುವ ಮದ್ದು) ಕೊಡಿಸಿ. ನೊಣ ಜಾಸ್ತಿ ಇರುವ ಕಾಲವಾದರೆ ಗಾಯವನ್ನು ದಿನಾ ನೋಡುತ್ತಿರಿ. ಹಕ್ಕಳೆ ತಾನಾಗಿ ಉದುರಲಿ, ಕೀಳಬೇಡಿ. ಸುಡುವ ಬದಲು ಹಚ್ಚುವ ಪೇಸ್ಟ್ ಸಿಗುತ್ತದೆ, ಆದರೆ ಅವಳಿ ಮರಿಗಳಿಗೆ ನಾನಂತೂ ಬೇಡ ಅನ್ನುತ್ತೇನೆ. ಒಂದರ ತಲೆಯಿಂದ ಇನ್ನೊಂದರ ಕಣ್ಣಿಗೆ, ತಾಯಿಯ ಕೆಚ್ಚಲಿಗೆ ತಗುಲಿ ಸುಡುತ್ತದೆ.

ಕೊನೆಗೆ ಒಂದು ಮಾತು ನೀವೇ ಯೋಚಿಸಿ. ಸುಡಿಸಲೇಬೇಕಾ? ಕೊಟ್ಟಿಗೆಯಲ್ಲಿ ಒತ್ತೊತ್ತಾಗಿ ಕಟ್ಟುವ ಹಾಲಿನ ಮೇಕೆಗಳಿಗೆ ಕಾರಣ ಇದೆ. ಬಯಲಲ್ಲಿ ಮೇಯುವ, ಎಲ್ಲಕ್ಕೂ ಕೊಂಬಿರುವ ಮಂದೆಗೆ ಒಂದೆರಡು ಬೋಳು ಮರಿ ಸೇರಿಸಿದರೆ ಅವೇ ಏಟು ತಿನ್ನುತ್ತವೆ. ಸೆಖೆಯಲ್ಲಿ ಮೈಯ ಕಾವು ಹೊರಹೋಗಲೂ ಕೊಂಬು ನೆರವಾಗುತ್ತದೆ.

ಪ್ರಶ್ನೆ: ನಮ್ಮ ಹೋತಕ್ಕೆ ಆರು ತಿಂಗಳು. ಎಲ್ಲವನ್ನೂ ಹಾಯುತ್ತದೆ. ಈಗ ಕೊಂಬು ತೆಗೆಸಬಹುದಾ?

ಉತ್ತರ: ದಯವಿಟ್ಟು ಬೇಡ. ಈ ವಯಸ್ಸಿಗೆ ಕೊಂಬಿನೊಳಗಿನ ಟೊಳ್ಳು ಹಣೆಯ ಎಲುಬಿನ ಟೊಳ್ಳಿಗೆ ಸೇರಿರಬಹುದು. ಬುಡಕ್ಕೆ ಕತ್ತರಿಸಿದರೆ ತಲೆಯಲ್ಲಿ ತೂತು ಉಳಿಯುತ್ತದೆ, ರಕ್ತ ಜೋರಾಗಿ ಹೋಗುತ್ತದೆ, ಗಾಯ ಮುಚ್ಚಲು ವಾರಗಟ್ಟಲೆ ಬೇಕು. ರಕ್ತ ಓಡದ ತುದಿಯನ್ನಷ್ಟೇ ಪಶುವೈದ್ಯರಿಂದ ಮೊಂಡು ಮಾಡಿಸಿ. ಮೇವು ಹಾಕುವಾಗ ಅದನ್ನು ಬೇರೆ ಕಟ್ಟಿ. ಬೇಲಿಯ ಕಿಂಡಿಯಲ್ಲಿ ಕೊಂಬು ಸಿಕ್ಕಿಕೊಳ್ಳುವಂತಿದ್ದರೆ ಇವತ್ತೇ ಕಿಂಡಿ ಮುಚ್ಚಿ.